ಚದುರಂಗದ ನಿಯಮ ಮತ್ತು ಆಟಗಾರನ ಅದಬ್: ಒಂದು ಐತಿಹಾಸಿಕ ನೋಟ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎಷ್ಟೋ ಊರುಗಳಲ್ಲಿ ಸಂಜೆಯ ಹೊತ್ತು ಕಟ್ಟೆಯ ಮೇಲೋ, ಪಡಸಾಲೆಯಲ್ಲೋ ಚದುರಂಗದ ಹಾಸು ಬಿಚ್ಚಿ ಕುಳಿತವರನ್ನು ನೀವು ಕಂಡಿರುತ್ತೀರಿ. ಆಡುವವರು ಇಬ್ಬರಾದರೆ, ಸುತ್ತ ನಿಂತು ನಡೆ ಹೇಳಿಕೊಡುವವರು ನಾಲ್ವರು. ಕೆಲವರು ಇದನ್ನು ಚದುರಂಗ ಎನ್ನುತ್ತಾರೆ. ಮಹಾರಾಷ್ಟ್ರದ ಒಡನಾಟ ಇರುವವರು ಬುದ್ಧಿಬಳ ಎನ್ನುತ್ತಾರೆ. ನಮ್ಮ ಮನೆಗಳ ಹಿರಿಯರ ಬಾಯಲ್ಲಿ ಇದು ಶತರಂಜ್. ಹೆಸರು ಹಲವಿರುವಂತೆ ಕಟ್ಟಳೆಗಳೂ ಹಲವು. ಒಂದು ಓಣಿಯಲ್ಲಿ ಮೊದಲ ಸಲ ಎರಡು ಪದಾತಿಗಳನ್ನು ಒಂದೊಂದು ಮನೆ ನಡೆಸುತ್ತಾರೆ, ಇನ್ನೊಂದು ಓಣಿಯಲ್ಲಿ ಒಂದೇ ಪದಾತಿಯನ್ನು ಎರಡು ಮನೆ ನಡೆಸುತ್ತಾರೆ. ತಪ್ಪು ನಡೆ ಇಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಈಗ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಓಣಿಯಲ್ಲಿ ಎಲ್ಲರನ್ನೂ ಸೋಲಿಸುವ ನೀವು ಮೊದಲ ಬಾರಿಗೆ ಒಂದು ದೊಡ್ಡ ಪಂದ್ಯಾವಳಿಗೆ ಹೋಗುತ್ತೀರಿ. ಎರಡೂ ಕೈಗಳಿಂದ ರಾಜನನ್ನೂ ಆನೆಯನ್ನೂ ಒಟ್ಟಿಗೆ ಎತ್ತಿ ಕ್ಯಾಸಲಿಂಗ್ ಮಾಡಿ ಗಡಿಯಾರ ಒತ್ತುತ್ತೀರಿ. ಎದುರಾಳಿ ಕೈ ಎತ್ತುತ್ತಾನೆ. ನಿರ್ಣಾಯಕರು ಬಂದು ಇದು ನಿಯಮಬಾಹಿರ ನಡೆ ಎಂದು ಹೇಳಿ ಅವನಿಗೆ ಎರಡು ನಿಮಿಷ ಹೆಚ್ಚು ಕೊಡುತ್ತಾರೆ. ಮುಂದೆ ನಿಮ್ಮ ಪದಾತಿ ಕೊನೆಯ ಮನೆ ಮುಟ್ಟುತ್ತದೆ. ಮಂತ್ರಿಯ ಕಾಯಿ ಕೈಗೆ ಸಿಗದೆ ಆನೆಯನ್ನು ತಲೆಕೆಳಗಾಗಿ ಇಟ್ಟು ಮಂತ್ರಿಯೆಂದು ಆಡಲು ಹೋಗುತ್ತೀರಿ. ತಲೆಕೆಳಗಾದ ಆನೆಯೂ ಆನೆಯೇ ಎಂಬುದು ನಿಯಮ. ಅದನ್ನು ಮಂತ್ರಿಯಂತೆ ಓರೆಯಾಗಿ ನಡೆಸಿದರೆ ಎರಡನೆಯ ತಪ್ಪು, ಆಟವೇ ಹೋಯಿತು. ಇಲ್ಲಿ ನಿಮ್ಮ ಬುದ್ಧಿ ಸೋಲಲಿಲ್ಲ, ತಿಳಿವಳಿಕೆ ಸೋತಿತು. ಆಗ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಈ ನಿಯಮಗಳನ್ನು ಮಾಡಿದವರು ಯಾರು? ನಮ್ಮದೇ ನಾಡಿನ ಆಟಕ್ಕೆ ಪರರ ಕಾಯಿದೆ ಏಕೆ? ಇದಕ್ಕೆ ಇತಿಹಾಸ ಕೊಡುವ ಉತ್ತರವನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ನಿಯಮವೇ ಒಂದು ಒಗಟು

ಚದುರಂಗ ಹುಟ್ಟಿದ್ದು ಭಾರತದಲ್ಲಿ ಎಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಆನೆ, ಕುದುರೆ, ರಥ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳೇ ಅದರ ಹೆಸರು. ಅಲ್ಲಿಂದ ಅದು ಇರಾನಿಗೆ ಹೋಗಿ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತರಂಜ್ ಆಯಿತು. ಕವಿ ಫಿರ್ದೌಸಿಯ 'ಶಾಹನಾಮಾ' ಕಾವ್ಯದಲ್ಲಿ ಈ ಪಯಣದ ಒಂದು ಕಥೆಯಿದೆ. ಹಿಂದೂಸ್ತಾನದ ರಾಜನೊಬ್ಬ ಬಾದಶಹ ನೌಶೇರವಾನನ ದರ್ಬಾರಿಗೆ ಹಲಗೆ ಮತ್ತು ಕಾಯಿಗಳನ್ನು ಕಳುಹಿಸುತ್ತಾನೆ. ಆದರೆ ಆಡುವ ಬಗೆಯನ್ನು ಹೇಳಿಕೊಡುವುದಿಲ್ಲ. ನಿಮ್ಮ ಪಂಡಿತರು ನಿಯಮಗಳನ್ನು ಕಂಡುಹಿಡಿಯಲಿ, ಆಗದಿದ್ದರೆ ಕಪ್ಪ ಕೇಳಬೇಡಿ ಎಂಬುದು ಸವಾಲು. ಮಂತ್ರಿ ಬುಝುರ್ಗ್‌ಮಿಹರ್ ಯೋಚಿಸಿ ಒಗಟನ್ನು ಬಿಡಿಸುತ್ತಾನೆ. ನೌಶೇರವಾನ್ ಆಳಿದ್ದು ಕ್ರಿ.ಶ. 531ರಿಂದ 579ರವರೆಗೆ. ಕಥೆ ಎಷ್ಟು ನಿಜವೋ, ಅದರ ಪಾಠವಂತೂ ನಿಜ. ಕಾಯಿ ಕೈಯಲ್ಲಿದ್ದ ಮಾತ್ರಕ್ಕೆ ಆಟ ನಮ್ಮದಾಗುವುದಿಲ್ಲ. ನಿಯಮ ತಿಳಿದಾಗಲೇ ನಮ್ಮದಾಗುತ್ತದೆ.

ಬಗ್ದಾದಿನ ದರ್ಬಾರಿನಲ್ಲಿ

ಅಬ್ಬಾಸೀ ಖಲೀಫರ ಕಾಲದಲ್ಲಿ ಶತರಂಜ್ ಒಂದು ಶಾಸ್ತ್ರವಾಗಿ ಬೆಳೆಯಿತು. 9ನೆಯ ಶತಮಾನದಲ್ಲಿ ಅಲ್-ಅದ್ಲಿ ಎಂಬ ಆಟಗಾರರು ಇದರ ಮೇಲೆ ಗ್ರಂಥ ಬರೆದರು. ಆಟಗಾರರನ್ನು ಅವರ ಸಾಮರ್ಥ್ಯಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯೂ ಆಗಲೇ ಇತ್ತು. ಇಂದಿನ ರೇಟಿಂಗ್ ಪದ್ಧತಿಯ ಮೂಲ ಕಲ್ಪನೆಯನ್ನು ನಾವು ಅಲ್ಲಿ ಕಾಣಬಹುದು.

ಖಲೀಫಾ ಅಲ್-ಮುಕ್ತಫಿ (ಆಳ್ವಿಕೆ 902–908) ಅವರ ದರ್ಬಾರಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಖಲೀಫರ ಮೆಚ್ಚಿನ ಆಟಗಾರ ಅಲ್-ಮಾವರ್ದಿ. ಅವರೆದುರು ಹೊಸಬರಾದ ಅಸ್-ಸೂಲಿ ಆಡಲು ಕುಳಿತರು. ಖಲೀಫರು ಬಹಿರಂಗವಾಗಿ ಮಾವರ್ದಿಯವರ ಪಕ್ಷ ವಹಿಸಿ ಹುರಿದುಂಬಿಸತೊಡಗಿದರು. ಸೂಲಿ ಮೊದಲು ಕಂಗೆಟ್ಟರು. ಆದರೆ ಬೇಗನೆ ಚೇತರಿಸಿಕೊಂಡು ಎದುರಾಳಿಯನ್ನು ಸ್ಪಷ್ಟವಾಗಿ ಸೋಲಿಸಿದರು. ಖಲೀಫರಿಗೂ ಅವರ ಯೋಗ್ಯತೆಯನ್ನು ಒಪ್ಪದೆ ಗತ್ಯಂತರವಿರಲಿಲ್ಲ. ಆಡುವವರ ಪಕ್ಕದಲ್ಲಿ ನಿಂತು ಒಬ್ಬರ ಪರ ಮಾತಾಡುವುದು ಎಷ್ಟು ದೊಡ್ಡ ಅನ್ಯಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ? ನೋಡುಗರು ಆಟದ ಬಗ್ಗೆ ಮಾತಾಡಕೂಡದು, ತಪ್ಪು ಕಂಡರೂ ನಿರ್ಣಾಯಕರಿಗೆ ಮಾತ್ರ ತಿಳಿಸಬೇಕು ಎಂಬುದು ಇಂದಿನ ಲಿಖಿತ ನಿಯಮ. ನಮ್ಮ ಕಟ್ಟೆಯ ನಾಲ್ವರು ಹಿತೈಷಿಗಳು ಇದನ್ನು ಅವಶ್ಯ ಗಮನಿಸಬೇಕು!

ಆಟಗಾರನ ನಡತೆಯ ಪ್ರಶ್ನೆ ಧರ್ಮಶಾಸ್ತ್ರಜ್ಞರ ಮುಂದೆಯೂ ಬಂದಿತ್ತು. ಹನಫೀ ಮತ್ತು ಮಾಲಿಕೀ ಮಝ್‌ಹಬ್‌ಗಳ ವಿದ್ವಾಂಸರು ಶತರಂಜನ್ನು ಮೆಚ್ಚಲಿಲ್ಲ. ಇಮಾಮ್ ಶಾಫಿಈ (767–820) ಅವರ ಮಝ್‌ಹಬ್‌ನಲ್ಲಿ ಕೆಲವು ಷರತ್ತುಗಳಿಗೆ ಒಳಪಟ್ಟು ಅದನ್ನು ಪೂರ್ಣ ನಿಷಿದ್ಧವೆನ್ನಲಿಲ್ಲ: ಆಟದಲ್ಲಿ ಹಣದ ಪಣ ಇರಬಾರದು, ಅದರಿಂದ ನಮಾಝ್ ತಪ್ಪಬಾರದು, ನಾಲಿಗೆ ಕೆಟ್ಟ ಮಾತಾಡಬಾರದು. ಅಭಿಪ್ರಾಯಭೇದ ಇಂದಿಗೂ ಇದೆ. ಅದನ್ನು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಒಂದು ಮಾತು ಗಮನಿಸಿ. ಆ ಷರತ್ತುಗಳಲ್ಲಿ ಆನೆ, ಕುದುರೆಗಳ ನಡೆಯ ಬಗ್ಗೆ ಒಂದೂ ಮಾತಿಲ್ಲ. ಎಲ್ಲವೂ ಆಡುವ ಮನುಷ್ಯನ ನಡತೆಗೆ ಸಂಬಂಧಿಸಿದವು. ಇದನ್ನೇ ನಮ್ಮ ಹಿರಿಯರು ಅದಬ್ ಎಂದು ಕರೆದರು.

ಕನ್ನಡ ನಾಡಿನ ಪಾಲು

ಇತ್ತ ನಮ್ಮ ನಾಡಿನಲ್ಲಿಯೂ ಆಟ ನಿಂತಿರಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ರಾಜರ ವಿನೋದಗಳ ಜೊತೆಗೆ ಚದುರಂಗದ ವಿವರಣೆಯೂ ಇದೆ. ಬಸವನ ಬಾಗೇವಾಡಿಯಲ್ಲಿ ಜನಿಸಿದರೆಂದು ಹೆಸರಾದ ಬಸವಣ್ಣನವರು ಮುಂದೆ ಬಿಜ್ಜಳನ ಆಸ್ಥಾನದಲ್ಲಿದ್ದದ್ದು ಇದೇ ಕಲ್ಯಾಣದಲ್ಲಿ, ಇದೇ ಶತಮಾನದಲ್ಲಿ. ಅಂದರೆ ಚದುರಂಗದ ನಿಯಮ ಬರೆದಿಡುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಕುದುರೆಯು 64 ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ಚಮತ್ಕಾರಗಳನ್ನು ಅವರು ರಚಿಸಿದ್ದಾರೆ.

ನಿಯಮಗಳು ಬದಲಾದ ಬಗೆ

ಹಳೆಯ ಶತರಂಜಿನಲ್ಲಿ ಮಂತ್ರಿ ಬಲಹೀನ. ಓರೆಯಾಗಿ ಒಂದೇ ಮನೆ ಅವನ ನಡೆ. ಇಂದು ನಾವು ಒಂಟೆ ಎನ್ನುವ ಕಾಯಿ ಓರೆಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು, ಅಷ್ಟೇ. ನಡೆಯಿಲ್ಲದೆ ಎದುರಾಳಿಯನ್ನು ಕಟ್ಟಿಹಾಕಿದರೆ ಅದು ಗೆಲುವು. ಇಂದು ಅದು ಡ್ರಾ. 15ನೆಯ ಶತಮಾನದ ಕೊನೆಗೆ ಯೂರೋಪಿನಲ್ಲಿ ಮಂತ್ರಿ ಮತ್ತು ಒಂಟೆಗೆ ಇಂದಿನ ಬಲ ಬಂದಿತು. ಆ ಮೇಲೆ ಕ್ಯಾಸಲಿಂಗ್ ನೆಲೆಯೂರಿತು. 1924ರ ಜುಲೈ 20ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ 'ಫಿಡೆ' ಸ್ಥಾಪನೆಯಾಯಿತು. ಇಂದು ಜಗತ್ತಿಗೆಲ್ಲ ಒಂದೇ ನಿಯಮಾವಳಿ ಇರುವುದು ಅದರ ಶ್ರಮದಿಂದ. ಅದರ ಧ್ಯೇಯವಾಕ್ಯದ ಅರ್ಥ, ನಾವೆಲ್ಲ ಒಂದೇ ಕುಟುಂಬ ಎಂದು.

ಹೀಗೆ ಭಾರತೀಯರು ಹುಟ್ಟಿಸಿದರು, ಇರಾನಿಗಳು ಹೆಸರು ಕೊಟ್ಟರು, ಅರಬರು ಶಾಸ್ತ್ರ ಬರೆದರು, ಯೂರೋಪಿನವರು ವೇಗ ಕೊಟ್ಟರು. ಹೀಗಿರುವಾಗ ಇದು ಪರರ ಕಾಯಿದೆ ಎಂದು ಹೇಗೆ ಹೇಳೋಣ? ಇದರಲ್ಲಿ ಎಲ್ಲರ ಪಾಲಿದೆ, ನಮ್ಮ ಪಾಲೂ ಇದೆ.

ಸುಲ್ತಾನ್ ಖಾನರ ಪಾಠ

ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಹಳ್ಳಿಯಲ್ಲಿ ಬೆಳೆದವರು. ಅವರು ಕಲಿತದ್ದು ದೇಶೀ ಪದ್ಧತಿಯ ಆಟ. ಅದರಲ್ಲಿ ಪದಾತಿ ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಕ್ಯಾಸಲಿಂಗ್ ಬದಲು ರಾಜನು ಒಮ್ಮೆ ಕುದುರೆಯಂತೆ ಹಾರಬಹುದಿತ್ತು. ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿ ಅವರು ಅಂತರರಾಷ್ಟ್ರೀಯ ನಿಯಮಗಳನ್ನು ಕಲಿತು, 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆಗಿ, 1929ರಲ್ಲಿ ಲಂಡನ್ನಿಗೆ ಹೋದರು. ಅಲ್ಲಿ ಅವರ ಅಭ್ಯಾಸಕ್ಕೆಂದೇ ಏರ್ಪಡಿಸಿದ ಪಂದ್ಯಾವಳಿಯಲ್ಲಿ ಕೊನೆಯ ಸ್ಥಾನವನ್ನು ಹಂಚಿಕೊಳ್ಳಬೇಕಾಯಿತು. ಮರಳಿ ಹೋಗಿಬಿಡೋಣ ಎನ್ನದೆ ಅವರು ಅಲ್ಲಿಯ ಆಟಗಾರರೊಂದಿಗೆ ಕುಳಿತು ಕಲಿತರು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು! 1932 ಮತ್ತು 1933ರಲ್ಲಿ ಮತ್ತೆ ಅದೇ ಪದವಿ. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಸೋಲಿಸಿದರು. ಅದೇ ಮನೆತನದ ಆಶ್ರಯದಲ್ಲಿದ್ದ ಫಾತಿಮಾ ಎಂಬ ಯುವತಿ 1933ರ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಸುಲ್ತಾನ್ ಖಾನರು 1966ರಲ್ಲಿ ತೀರಿಕೊಂಡರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ.

ಹೆಣ್ಣುಮಕ್ಕಳು ಇನ್ನೊಂದು ಹೆಸರನ್ನೂ ನೆನಪಿಡಬೇಕು. 1976ರಲ್ಲಿ ಮುಂಬೈಯ ಬಾಲಕಿ ರೋಹಿಣಿ ಖಾಡಿಲ್ಕರ್ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಿದಾಗ ಆಕ್ಷೇಪ ಎದ್ದಿತು. ಆಗ ಫಿಡೆ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ, ಮಹಿಳೆಯರನ್ನು ಇಂಥ ಪಂದ್ಯಗಳಿಂದ ಹೊರಗಿಡುವಂತಿಲ್ಲ ಎಂದು ತೀರ್ಪಿತ್ತರು. ನಿಯಮ ಬಲ್ಲವರಿಗೆ ಅದು ಬೇಡಿಯಲ್ಲ, ರಕ್ಷಣೆ.

ಪಂದ್ಯಕ್ಕೆ ಹೋಗುವ ಮುನ್ನ

ಇನ್ನು ನೀವು ತಿಳಿದಿರಲೇಬೇಕಾದ ಕೆಲವು ನಿಯಮಗಳನ್ನು ನೋಡೋಣ. ಮೊದಲನೆಯದು, ಮುಟ್ಟಿದ ಕಾಯಿ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಸಾಧ್ಯವಿದ್ದಲ್ಲಿ, ಅದನ್ನು ಹೊಡೆಯಲೇಬೇಕು. ಓರೆಯಾಗಿ ನಿಂತ ಕಾಯಿಯನ್ನು ಸರಿಪಡಿಸಬೇಕಿದ್ದರೆ ನಿಮ್ಮ ಸರದಿಯಲ್ಲಿ, ಮೊದಲೇ ಹೇಳಿ ಮುಟ್ಟಬೇಕು. ಕ್ಯಾಸಲಿಂಗ್‌ನಲ್ಲಿ ಮೊದಲು ರಾಜನನ್ನು ಮುಟ್ಟಬೇಕು, ಒಂದೇ ಕೈ ಬಳಸಬೇಕು, ಅದೇ ಕೈಯಿಂದ ಗಡಿಯಾರ ಒತ್ತಬೇಕು. ಪದಾತಿಗೆ ಬಡ್ತಿ ಸಿಕ್ಕು ಬೇಕಾದ ಕಾಯಿ ಕೈಗೆ ಸಿಗದಿದ್ದರೆ ಗಡಿಯಾರ ನಿಲ್ಲಿಸಿ ನಿರ್ಣಾಯಕರನ್ನು ಕೇಳಬಹುದು. ಡ್ರಾ ಕೇಳುವುದಿದ್ದರೆ ನಿಮ್ಮ ನಡೆ ಇಟ್ಟ ಮೇಲೆ, ಗಡಿಯಾರ ಒತ್ತುವ ಮುನ್ನ ಕೇಳಬೇಕು. ಪದೇ ಪದೇ ಕೇಳಿ ಎದುರಾಳಿಯನ್ನು ಕಾಡಬಾರದು. ಮೊಬೈಲ್ ಫೋನ್ ಮೈಮೇಲೆ ಇದ್ದರೆ ಆಟವನ್ನೇ ಕಳೆದುಕೊಳ್ಳಬೇಕಾದೀತು.

ದೀರ್ಘಾವಧಿಯ ಆಟದಲ್ಲಿ ನಡೆಗಳನ್ನು ಬರೆದುಕೊಳ್ಳಬೇಕು. ಮನೆಗಳ ಗುರುತು ಜಗತ್ತಿಗೆಲ್ಲ ಒಂದೇ. ಆದರೆ ಕಾಯಿಗಳಿಗೆ ತನ್ನ ದೇಶದಲ್ಲಿ ಬಳಕೆಯಲ್ಲಿರುವ ಹೆಸರಿನ ಸಂಕ್ಷೇಪ ಬಳಸಲು ನಿಯಮಾವಳಿಯೇ ಸ್ವಾತಂತ್ರ್ಯ ಕೊಟ್ಟಿದೆ. ಇಂಗ್ಲಿಷ್ ಬಾರದು ಎಂದು ಯಾವ ಮಗುವೂ ಹಿಂಜರಿಯಬೇಕಾಗಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಒಂದು ಕುದುರೆಯನ್ನು ಇಟ್ಟು ಕೈಬಿಟ್ಟು, ಮತ್ತೆ ಎತ್ತಿ ಬೇರೆ ಮನೆಯಲ್ಲಿಟ್ಟರು. ಎದುರಿಗೆ ಕುಳಿತಿದ್ದವರು 17 ವರ್ಷದ ಜುಡಿತ್ ಪೋಲ್ಗಾರ್. ಅವರು ಆ ಕ್ಷಣ ಆಕ್ಷೇಪ ಎತ್ತಲಿಲ್ಲ, ಆಟ ಸೋತರು. ಕ್ಯಾಮೆರಾದಲ್ಲಿ ಸತ್ಯ ಕಂಡರೂ ಫಲಿತಾಂಶ ಬದಲಾಗಲಿಲ್ಲ. ಎದುರಾಳಿ ಎಷ್ಟೇ ದೊಡ್ಡವರಿರಲಿ, ತಪ್ಪು ಕಂಡೊಡನೆ, ನೀವು ಕಾಯಿ ಮುಟ್ಟುವ ಮುನ್ನವೇ, ಗಡಿಯಾರ ನಿಲ್ಲಿಸಿ ನಿರ್ಣಾಯಕರನ್ನು ಕರೆಯಿರಿ. ದನಿ ಏರಿಸಬೇಡಿ, ವಾದಿಸಬೇಡಿ. ಅದೇ ರೀತಿ ತಪ್ಪು ನಿಮ್ಮದಾಗಿದ್ದರೆ ಯಾರೂ ನೋಡದಿದ್ದರೂ ಒಪ್ಪಿಕೊಳ್ಳಿ. ಹಕ್ಕನ್ನು ಕೇಳುವುದು ಎಷ್ಟು ಅದಬೋ, ತಪ್ಪನ್ನು ಒಪ್ಪುವುದೂ ಅಷ್ಟೇ ಅದಬು.

ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರಿಂದ. 2024ರಲ್ಲಿ ಚೆನ್ನೈನ ಗುಕೇಶ್ 18ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ನಮ್ಮ ನಾಲ್ಕು ತಾಲೂಕುಗಳ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ. ಶಾಲೆಯಲ್ಲಿ ಒಂದು ಹಲಗೆಯ ಜೊತೆಗೆ ನಿಯಮಗಳ ಒಂದು ಕನ್ನಡ ಪ್ರತಿಯನ್ನೂ ಬರೆದು ಗೋಡೆಗೆ ಅಂಟಿಸಿ. ಶಿಕ್ಷಕರೂ ಸಂಸ್ಥೆಯ ಸದಸ್ಯರೂ ಈ ಚಿಕ್ಕ ಕೆಲಸಕ್ಕೆ ಕೈಜೋಡಿಸಲಿ. ಮುಂದಿನ ಸಲ ಕಟ್ಟೆಯ ಮೇಲೆ ಆಡಲು ಕುಳಿತಾಗ, ಎದುರಿನವರ ಕೈಕುಲುಕಿ, ಮುಟ್ಟಿದ ಕಾಯಿ ನಡೆಸುವುದೆಂದು ಮಾತು ಮಾಡಿಕೊಂಡು ಆಟ ಶುರುಮಾಡಿ. ಸುತ್ತ ನಿಂತವರಿಗೂ ಸುಮ್ಮನಿರಲು ವಿನಯದಿಂದ ಹೇಳಿ. ಪಂದ್ಯಾವಳಿಯ ತಯಾರಿ ಅಲ್ಲಿಂದಲೇ ಆರಂಭವಾಗುತ್ತದೆ.