ಅತ್ತೆ ಕೇಳಿದ ಮೂರು ಪ್ರಶ್ನೆ

ಅರಗಾದಲ್ಲಿ ನಮ್ಮನೆ ಹಿಂದೆ ಗುಡ್ಡ, ಮುಂದೆ ಸಮುದ್ರ. 1986ರ ಅಕ್ಟೋಬರ್ 24ಕ್ಕೆ ರಾಜೀವ್ ಗಾಂಧಿ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದಾಗ ನಾನಿನ್ನೂ ಅಂಕೋಲೆಯ ತವರಲ್ಲಿದ್ದೆ. ಮದುವೆಯಾಗಿ ಬಂದದ್ದೇ ಏಳಬೇಕಾದ ಮನೆಗೆ. ಕಾರವಾರ, ಅಂಕೋಲಾ ತಾಲೂಕಿನ 13 ಹಳ್ಳಿಗಳಿಗೆ ಅದೇ ಗತಿ. ಏಳೂದಕ್ಕೆ 10 ವರ್ಷದ ಮೇಲೇ ಹಿಡೀತು. ಅಷ್ಟೂ ವರ್ಷ ಒಡೆದ ಹಂಚು ಬದಲಿಸೂದೋ ಬೇಡವೋ ಅನ್ನೂದೇ ಚಿಂತೆ.

ಹೊರಡೂ ಹೊತ್ತಿಗೆ ಮನೇಲಿ ಎರಡು ಮಾತು. ಮೈದುನ, "ಅರಬೈಲ ಘಟ್ಟ ಹತ್ತಿ ಯಲ್ಲಾಪುರ ಬದಿಗೆ ಹೋಗ್ವ, ಪರಿಹಾರದ ದುಡ್ಡಿಗೆ ಸಣ್ಣ ತೋಟ ಸಿಗ್ತದೆ" ಅಂದ. ನಮ್ಮನೆಯವ್ರು, "ಇಲ್ಲೇ ಪುನರ್ವಸತಿ ಕಾಲನಿ ಸಾಕು, ಮಕ್ಕಳ ಶಾಲೆ ತಪ್ಪೂದಿಲ್ಲ" ಅಂದ್ರು. ಅತ್ತೆ ಮೂರೇ ಪ್ರಶ್ನೆ ಕೇಳಿದ್ರು: ಮೇ ತಿಂಗಳಲ್ಲಿ ಬಾವೀಲಿ ನೀರಿರ್ತದಾ? ರಾತ್ರಿ ಮಗೂಗೆ ಜ್ವರ ಬಂದ್ರೆ ದವಾಖಾನೆ ಎಷ್ಟು ದೂರ? ಹಸಿ ಮೀನು ಬರ್ತದಾ?

ಮೈದುನ ನೋಡಿದ ತೋಟದಲ್ಲಿ ನೀರಿತ್ತು, ಉಳಿದೆರಡು ಇರ್ಲಿಲ್ಲ. ಕಾಲನೀಲಿ ಉಳಿದೆರಡಿತ್ತು, ನೀರಿರ್ಲಿಲ್ಲ. ಅವ ಘಟ್ಟ ಹತ್ತಿದ, ನಾವು ಕೆಳಗೇ ಉಳಿದ್ವಿ. ಒಂದು ಒಲೆ ಎರಡಾಯ್ತು.

2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಶುರುವಾಯ್ತು. ಆಮೇಲೂ ಕಾರವಾರದ ಬಸ್ಸು ಅರಗಾ ದಾಟುವಾಗ ಅತ್ತೆ ಸೀಟಿಂದ ಎದ್ದು ಗೋಡೆಯಾಚೆ ನಮ್ಮ ತೆಂಗಿನಮರ ಹುಡುಕ್ತಿದ್ರು.

ಯಾರು ಆರಿಸಿದ್ದು ಸರಿ ಅಂತ ನಾವಿಬ್ಬರೂ ಓರಗಿತ್ತಿಯರು ಈಗ್ಲೂ ವಾದ ಮಾಡ್ತೇವೆ. ಊರು ಬದಲಿಸೂರಿಗೆ ನಾ ಹೇಳೂದಿಷ್ಟೇ: ಮಳೆಗಾಲದಲ್ಲಿ ಜಾಗ ನೋಡಬೇಡಿ. ಮೇ ತಿಂಗಳಲ್ಲಿ ಹೋಗಿ ಬಾವಿ ಬಗ್ಗಿ ನೋಡಿ.