ಮಡಚಿದ ಕಿವಿರಿನ ಮೀನು

ಕಳೆದ ಮಳೆಗಾಲದ ಒಂದು ಶನಿವಾರ ಬೆಳಗಾವಿಯ ಅಂಗಡಿಯೊಂದರಿಂದ ಎರಡು ಗೋಲ್ಡ್‌ಫಿಶ್ ಕೊಂಡೆ. ಖಾನಾಪುರದ ಮನೆಯಲ್ಲಿ ಅಕ್ಕನ ಮಗಳು ಬಹಳ ದಿನಗಳಿಂದ ಕೇಳುತ್ತಿದ್ದಳು. ಒಂದು ಕಪ್ಪು ಮೀನು, ಎರಡೂ ಕಣ್ಣು ಗುಂಡಿಗಳ ಹಾಗೆ ಹೊರಗೆ ಬಂದದ್ದು. ಇನ್ನೊಂದು ಕೇಸರಿ, ಜೋಡಿಬಾಲದ್ದು. ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ದೇಸೂರು ದಾಟಿದ ಮೇಲೆ ಕಿಟಕಿಯ ಬೆಳಕಿಗೆ ಚೀಲ ಎತ್ತಿ ಹಿಡಿದಾಗ ಕಂಡಿತು: ಕೇಸರಿ ಮೀನಿನ ಎಡಗಡೆಯ ಕಿವಿರಿನ ಮುಚ್ಚಳ, ಓದಿ ಓದಿ ಮೂಲೆ ಮಡಚಿದ ಪುಸ್ತಕದ ಹಾಳೆಯಂತೆ, ಹೊರಕ್ಕೆ ಸುತ್ತಿಕೊಂಡಿತ್ತು. ಅದರಡಿಯ ಕೆಂಪು ಕಿವಿರು ಬಯಲಾಗಿತ್ತು.

ಅಂಗಡಿಯವರಿಗೆ ಫೋನ್ ಮಾಡಿದೆ. "ಡಿಫೆಕ್ಟ್ ಪೀಸ್ ಬಂದೈತ್ರಿ ಅದು. ಸೋಮವಾರ ತಗೊಂಬರ್ರಿ, ಬ್ಯಾರೆ ಕೊಡ್ತೀನಿ" ಅಂದರು. ವಾಪಸ್ ಬಂದ ಮೀನನ್ನು ಏನು ಮಾಡುತ್ತೀರಿ ಎಂದೆ. "ಏನ್ ಮಾಡೂದ್ರಿ, ಒಗಿಯೂದು." ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಮುರಿದ ಪೆನ್ನಿನ ಬಗ್ಗೆ ಹೇಳುವ ಹಾಗಿತ್ತು.

ಮನೆಯಲ್ಲಿ ಅವ್ವನ ಪರಿಹಾರ ಇನ್ನೊಂದು. "ಹೊಳಿಗೆ ಬಿಟ್ಟು ಬಾ, ಪುಣ್ಯಾ ಬರತೈತಿ." ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಮ್ಮೂರಿನ ಪಕ್ಕದಲ್ಲೇ ಹರಿಯುತ್ತಾಳೆ, ಪುಣ್ಯ ಅಷ್ಟು ಹತ್ತಿರ. ಆದರೆ ಗೋಲ್ಡ್‌ಫಿಶ್ ಈ ಹೊಳೆಯದ್ದಲ್ಲ. ಆಸ್ಟ್ರೇಲಿಯಾದಲ್ಲೂ ಉತ್ತರ ಅಮೆರಿಕದಲ್ಲೂ ಸಾಕಿದವರು ಕೆರೆ ಹೊಳೆಗಳಿಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ಅಲ್ಲಿಯೇ ಸಂತತಿ ಬೆಳೆಸಿ, ತಳದ ಕೆಸರು ಕದಡಿ, ಅಲ್ಲಿನ ಮೀನುಗಳ ಪಾಲಿನ ಆಹಾರ ತಿನ್ನುತ್ತಿವೆ. ಅಂಗಡಿಯ ತೊಟ್ಟಿಯ ರೋಗಗಳೂ ಅವುಗಳ ಜೊತೆಗೇ ಹೋಗುತ್ತವೆ. ಜಲಕ್ಕೆ ಬಿಟ್ಟದ್ದು ಜೀವದಾನ ಅನ್ನುವುದು ನಮ್ಮ ಕಡೆ ಬಹಳ ಗಟ್ಟಿಯಾದ ನಂಬಿಕೆ. ಅವ್ವನಿಗೆ ಇದನ್ನೆಲ್ಲ ತಿಳಿಸಿ ಹೇಳಲು ಒಂದು ಸಂಜೆ ಹಿಡಿಯಿತು.

ಹಾಗಾದರೆ ಮೀನನ್ನು ಏನು ಮಾಡುವುದು? ಮೀನುಗಾರಿಕೆ ಓದಿದ ಗೆಳೆಯನೊಬ್ಬ ಹೇಳಿದ ಮೊದಲ ಮಾತು, ಇದು ಹುಟ್ಟಿನದೋ ರೋಗದ್ದೋ ನೋಡಿಕೋ ಅಂತ. ರೋಗವಾದರೆ ಮೀನು ನೀರಿನ ಮೇಲೆ ಬಂದು ಬಾಯಿ ಬಿಡುತ್ತದೆ, ಕಲ್ಲಿಗೆ ಮೈ ಉಜ್ಜುತ್ತದೆ, ಕಿವಿರು ಬಿಳಿಚಿಕೊಂಡು ಲೋಳೆ ಕಟ್ಟುತ್ತದೆ. ಹುಟ್ಟಿನದಾದರೆ ಮಡಚಿದ ಅಂಚು ನುಣುಪಾಗಿರುತ್ತದೆ, ಊಟ ಓಡಾಟ ಎಂದಿನಂತಿರುತ್ತದೆ. ಮೂರು ವಾರ ಅದನ್ನು ಬೇರೆ ಟಬ್ಬಿನಲ್ಲಿಟ್ಟೆ. ರೋಗದ ಲಕ್ಷಣ ಒಂದೂ ಕಾಣಲಿಲ್ಲ. ಹುಟ್ಟಿನ ಊನಕ್ಕೆ ಔಷಧವಿಲ್ಲ, ಇರುವುದು ಆರೈಕೆ ಮಾತ್ರ. ಬಯಲಾದ ಕಿವಿರಿಗೆ ಕೆಟ್ಟ ನೀರು ಬೇಗ ತಾಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ತಪ್ಪದೆ ಒಂದಷ್ಟು ನೀರು ಬದಲಿಸಬೇಕು. ಬಲೆಯಲ್ಲಿ ಹಿಡಿದರೆ ಮುಚ್ಚಳ ಸಿಕ್ಕಿಕೊಳ್ಳಬಹುದು, ಬಟ್ಟಲಲ್ಲಿ ನೀರಿನ ಸಮೇತ ಎತ್ತಬೇಕು. ಬೆಳಗಾವಿಯ ನನ್ನ ರೂಮಿಗೆ ಬರುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಕಿವಿರನ್ನು ಸುಡುತ್ತದೆ. ಖಾನಾಪುರದ ಮನೆಯಲ್ಲಿ ಬಾವಿ ಇದೆ. ಆ ಮಟ್ಟಿಗೆ ಮೀನು ಅದೃಷ್ಟವಂತ.

ಇಷ್ಟಕ್ಕೆ ಮುಗಿಯಬಹುದಾಗಿದ್ದ ವಿಷಯ ಲೇಖನವಾದದ್ದು ನನ್ನ ಪಿಎಚ್‌ಡಿಯ ದೆಸೆಯಿಂದ. ನಾನು ಓದುತ್ತಿರುವುದು 'ಮಾನಸೋಲ್ಲಾಸ'ದ ವಿನೋದಗಳ ಭಾಗವನ್ನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆಸಿದ, ಅಥವಾ ಬರೆದ, ಈ ಗ್ರಂಥದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಕಡಲ ಮೀನು, ಹೊಳೆಯ ಮೀನು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ, ಗಾಳ ಹೇಗಿರಬೇಕು ಎಂದೆಲ್ಲ ಹೇಳುವ ಅಧ್ಯಾಯ ಅದು. ಭಾರತದ ಮೀನುಗಳ ದೊಡ್ಡ ವಿದ್ವಾಂಸ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದರು. ನಮ್ಮ ನಾಡಿನ ದೊರೆಯೊಬ್ಬನಿಗೆ ಮೀನಿನ ಹಸಿವಿನ ಬಗ್ಗೆ ಇಷ್ಟು ತಿಳಿದಿತ್ತೆಂದು ನಾನೂ ಹೆಮ್ಮೆಪಟ್ಟಿದ್ದೇನೆ. ಆದರೆ ಅಲ್ಲಿ ಉಣಿಸುವುದು ಗಾಳಕ್ಕಾಗಿ ಎಂಬುದನ್ನು ಮರೆಯಬಾರದು. ಮೀನು ಹಿಡಿಯುವ ರಾಜನಿಗೆ ಬೇಕಾದದ್ದು ಮೀನಿನ ಜಾತಿ, ಗಾತ್ರ, ಸೆಣಸುವ ಬಲ. ಒಂದೊಂದು ಮೀನಿನ ಮುಖ ಅವನಿಗೆ ಬೇಕಾಗಿರಲಿಲ್ಲ.

ಮೀನನ್ನು ಒಂದೊಂದಾಗಿ ನೋಡುವ ಕಣ್ಣು ಬೆಳೆದದ್ದು ಚೀನಾದಲ್ಲಿ. ಸೋಮೇಶ್ವರ ಪಟ್ಟಕ್ಕೆ ಬಂದ ಸುಮಾರಿಗೇ, 1127ರಲ್ಲಿ, ಅಲ್ಲಿ ಸಾಂಗ್ ವಂಶದ ಗಾವೋಜಾಂಗ್ ಸಿಂಹಾಸನವೇರಿದ. 1162ರಲ್ಲಿ ಪಟ್ಟ ಬಿಟ್ಟ ಅವನು ಇಂದಿನ ಹಾಂಗ್‌ಜೌ ನಗರದ ತನ್ನ ಅರಮನೆಯ ಕೊಳದಲ್ಲಿ ಹೊಂಬಣ್ಣದ ಮೀನುಗಳನ್ನು ಸಾಕಿಸಿದ. ಅವು ನೋಡಲಿಕ್ಕೆ ಇದ್ದ ಮೀನುಗಳು. ಆದರೂ ಕೊಳದ ಮೀನುಗಳಲ್ಲಿ ಬಣ್ಣ ಬಿಟ್ಟರೆ ವಿಶೇಷವೇನಿರಲಿಲ್ಲ. ಜೋಡಿಬಾಲ, ಉಬ್ಬಿದ ಕಣ್ಣು, ಕುಳ್ಳು ಮೈ ಇವೆಲ್ಲ ಕಾಣಿಸಿಕೊಂಡದ್ದು ಮುಂದೆ ಮಿಂಗ್ ಕಾಲದಲ್ಲಿ, ಮೀನು ಕೊಳದಿಂದ ಮನೆಯೊಳಗಿನ ಜಾಡಿಗೆ ಬಂದ ಮೇಲೆ. ಚೀನಾದ ಪ್ರಾಣಿಶಾಸ್ತ್ರಜ್ಞ ಚೆನ್ ಜೆನ್ 1950ರ ದಶಕದಲ್ಲಿ ಇದಕ್ಕೆ ಕೊಟ್ಟ ಕಾರಣ ನನ್ನನ್ನು ಬಹಳ ದಿನ ಕಾಡಿತು. ಕೊಳದಲ್ಲೂ ಇಂಥ ಮರಿಗಳು ಹುಟ್ಟುತ್ತಿದ್ದಿರಬೇಕು. ಆದರೆ ಜೋಡಿಬಾಲದ ಮೀನು ಅಲ್ಲಿ ಈಜಲಾರದು, ಉಬ್ಬುಗಣ್ಣಿನದು ಆಹಾರ ಹುಡುಕಲಾರದು, ಎರಡೂ ಬೇಗ ಸಾಯುತ್ತಿದ್ದವು. ಜಾಡಿಯಲ್ಲಿ ಓಟವಿಲ್ಲ, ಬೇಟೆಯಿಲ್ಲ, ಆಹಾರ ಬಾಯಿಗೇ ಬರುತ್ತದೆ. ಪಾತ್ರೆ ಬದಲಾದ ಮೇಲೆ ಊನ ಬದುಕಿಕೊಂಡಿತು. ಬದುಕಿದ್ದನ್ನು ನೋಡಿದವರು ಮೆಚ್ಚಿದರು. ಮೆಚ್ಚಿದ್ದಕ್ಕೆ ತಳಿ ಎಂಬ ಹೆಸರು ಬಂತು.

ಮೆಚ್ಚುಗೆಯ ಇನ್ನೊಂದು ಮುಖವೂ ಅದೇ ಕಾಲದ ಬರಹದಲ್ಲಿದೆ. 1596ರಲ್ಲಿ ಜಾಂಗ್ ಚಿಯಾಂದೆ ಎಂಬಾತ ಸಿಂಧೂರ ಬಣ್ಣದ ಮೀನುಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಮೀನು ಸಾಕುವುದು ರಾಜ್ಯ ತನ್ನ ಕೆಲಸಕ್ಕೆ ಜನರನ್ನು ಆರಿಸಿಕೊಂಡ ಹಾಗೆ ಎನ್ನುತ್ತಾನೆ. ಬೇಸಿಗೆಯಲ್ಲಿ ಕೆಲವು ಸಾವಿರ ಮರಿಗಳನ್ನು ಕೊಂಡು ಹತ್ತಾರು ಜಾಡಿಗಳಲ್ಲಿ ಹಂಚಬೇಕು, ಚೆನ್ನಾಗಿಲ್ಲದ್ದನ್ನು ದಿನದಿನವೂ ತೆಗೆಯುತ್ತ ಹೋಗಬೇಕು, ನೂರಕ್ಕೆ ಒಂದೆರಡು ಉಳಿಯಬೇಕು. ಉಳಿದವುಗಳ ಬಣ್ಣ, ಬಾಲ, ಮಚ್ಚೆಗಳನ್ನು ಅವನು ಪ್ರೀತಿಯಿಂದ ವರ್ಣಿಸುತ್ತಾನೆ. ತೊಂಬತ್ತೆಂಟು ಮೀನುಗಳಿಗೆ ಒಂದು ಕ್ರಿಯಾಪದ ಮಾತ್ರ ಸಿಕ್ಕಿದೆ. ಆ ಪುಟ ಓದುವಾಗ ನನಗೆ ಅಂಗಡಿಯವರ "ಒಗಿಯೂದು" ಕೇಳಿಸಿತು. ಗೋಲ್ಡ್‌ಫಿಶ್ ಇತಿಹಾಸವೆಂದು ನಾವು ಓದುವುದು ನೂರಕ್ಕೆ ಎರಡರ ಇತಿಹಾಸ. ಶಾಸನ, ತಾಮ್ರಪಟಗಳಲ್ಲಿ ಹೆಸರು ಉಳಿದವರನ್ನಷ್ಟೇ ಎಣಿಸಿ ಒಂದು ಕಾಲದ ಸಮಾಜ ಎಂದು ಬರೆಯುವ ನಮ್ಮಂಥವರು ಇದರ ಬಗ್ಗೆ ಹೆಚ್ಚು ದನಿ ಎತ್ತುವಂತಿಲ್ಲ.

ನನ್ನ ಮೀನಿನ ಊನದ ಮಟ್ಟಿಗೆ ಒಂದು ತಮಾಷೆಯೂ ಇದೆ. ಕಿವಿರಿನ ಮುಚ್ಚಳ ಹೊರಕ್ಕೆ ಮಡಚಿದ ಮೀನು ಚೀನಾದಲ್ಲಿ ಒಂದು ತಳಿ. 'ಫಾನ್‌ಸಾಯ್', ಅಂದರೆ ತಿರುಚಿದ ಕಿವಿರು, ಎಂದು ಅದಕ್ಕೆ ಹೆಸರು. ಎರಡೂ ಕಡೆ ಸಮನಾಗಿ ಮಡಚಿದ್ದರೆ ಬೆಲೆ. ನಮ್ಮದು ಒಂದೇ ಕಡೆ ಮಡಚಿಕೊಂಡು ಎರಡೂ ಲೆಕ್ಕಕ್ಕೆ ತಪ್ಪಿತು. ಇಲ್ಲಿ ಡಿಫೆಕ್ಟ್ ಪೀಸ್, ಅಲ್ಲಿ ಅರ್ಧ ತಳಿ. ಡಾರ್ವಿನ್ 1868ರ ತನ್ನ ಪುಸ್ತಕದಲ್ಲಿ ಗೋಲ್ಡ್‌ಫಿಶ್‌ನ ಹೆಚ್ಚುವರಿ ಬಾಲಗಳನ್ನು ವಿಕೃತಿ ಎಂದೇ ಕರೆಯಬೇಕೆನ್ನುತ್ತಾನೆ, ಮರುಗಳಿಗೆಯಲ್ಲೇ ವಿಕೃತಿಗೂ ಸಾಮಾನ್ಯ ವ್ಯತ್ಯಾಸಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ ಎಂದು ಒಪ್ಪುತ್ತಾನೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಜೋಡಿಬಾಲಕ್ಕೆ ಕಾರಣ ಕಾರ್ಡಿನ್ ಎಂಬ ಜೀನ್‌ನಲ್ಲಿ ಆದ ಒಂದು ಕೆಡುಕು ಎಂದು ತೋರಿಸಿತು. ಅಂದರೆ ನಾನು ಜೋಡಿಬಾಲ ಚೆಂದವೆಂದು ದುಡ್ಡು ಕೊಟ್ಟು ತಂದ ಮೀನಿನಲ್ಲಿ ಒಂದಲ್ಲ, ಎರಡು ಊನಗಳಿದ್ದವು. ಅಂಗಡಿಯವರು ಬದಲಿಸಿಕೊಡಲು ಒಪ್ಪಿದ್ದು ಅದರಲ್ಲೊಂದಕ್ಕೆ. ಇಂದು ಅಂಗಡಿಗಳಲ್ಲಿ ಸಿಗುವ ಬಲೂನ್ ಮೋಲಿಯ ಗುಂಡು ಹೊಟ್ಟೆ ಬೆನ್ನುಮೂಳೆ ಬಾಗಿದ್ದರಿಂದ ಬಂದದ್ದು. ಪಕ್ಕದ ತೊಟ್ಟಿಯಲ್ಲಿ ತಾನಾಗಿ ಬೆನ್ನು ಬಾಗಿ ಹುಟ್ಟಿದ ಗಪ್ಪಿಯನ್ನು ಯಾರೂ ಕೊಳ್ಳುವುದಿಲ್ಲ.

ಸೋಮವಾರ ನಾನು ಅಂಗಡಿಗೆ ಹೋಗಲಿಲ್ಲ. ಮೂರು ವಾರ ಕಳೆದ ಮೇಲೆ ಕೇಸರಿ ಮೀನನ್ನೂ ಗಾಜಿನ ತೊಟ್ಟಿಗೆ ಬಿಟ್ಟೆ. ಅಕ್ಕನ ಮಗಳು ಅದಕ್ಕೆ ಇಟ್ಟ ಹೆಸರು ಕಿಟಕಿ. "ಒಳಗಿನ ಕೆಂಪು ಕಾಣಸ್ತೈತೆಲ್ಲಾ ಮಾಮಾ" ಅಂದಳು. ನಾನು ಮೂರು ವಾರ ರೋಗವೋ ಊನವೋ ಎಂದು ನೋಡಿದ್ದನ್ನು ಅವಳು ಕಿಟಕಿ ಎಂದು ನೋಡಿದ್ದಳು.

ನಾಲ್ಕು ತಿಂಗಳಾಯಿತು. ಕಿಟಕಿ ಆರಾಮಾಗಿದೆ. ಪೆಟ್ಟು ಬಿದ್ದದ್ದು ಕಪ್ಪು ಮೀನಿಗೆ, ನಾವು ಒಂದು ದಿನವೂ ಊನವೆಂದು ಯೋಚಿಸದೆ ಕೊಂಡುತಂದ ಆ ಚೆಂದದ ಉಬ್ಬುಗಣ್ಣಿಗೆ. ಅಂಥ ಕಣ್ಣಿನ ಮೀನಿಗೆ ದೃಷ್ಟಿ ಮಂದ. ತೊಟ್ಟಿಯ ತಳದಲ್ಲಿದ್ದ ಕಲ್ಲಿಗೆ ತಾಗಿಸಿಕೊಂಡು ಬಲಗಣ್ಣು ಮಬ್ಬಾಯಿತು. ಅದನ್ನು ಈಗ ಟಬ್ಬಿನಲ್ಲಿಟ್ಟಿದ್ದೇನೆ, ದಿನಾ ನೀರು ಬದಲಿಸುತ್ತೇನೆ, ಮಬ್ಬು ಸ್ವಲ್ಪ ಇಳಿದಿದೆ. ಆ ಕಲ್ಲು ತೊಟ್ಟಿಗೆ ಅಂದ ಬರಲೆಂದು ನಾನೇ ಮಲಪ್ರಭೆಯ ದಂಡೆಯಿಂದ ಆರಿಸಿ ತಂದದ್ದು. ಮೊನ್ನೆ ಭಾನುವಾರ ಅವ್ವ ಕೇಳಿದಳು, ಹೊಳಿಗೆ ಹೊಂಟಿಯಲ್ಲ, ಮೀನಾ ಬಿಡಾಕೇನು ಅಂತ. ಅಲ್ಲ ಎಂದು ಚೀಲದಲ್ಲಿದ್ದ ಕಲ್ಲು ತೋರಿಸಿದೆ.