ಅಂಬಾಸಿಡರ್ ಮತ್ತು ಕಾಂಟೆಸ್ಸಾ: ಹಿಂಚಕ್ರ ಚಾಲನೆಯ ಎರಡು ಕಾಲಘಟ್ಟ

ಮೂಲ

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ತಯಾರಿಸಿದ ಅಂಬಾಸಿಡರ್ ಮತ್ತು ಕಾಂಟೆಸ್ಸಾ ಎರಡೂ ಬ್ರಿಟಿಷ್ ವಿನ್ಯಾಸದ ಕಾರುಗಳು. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್‌ಗೆ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಾಗಿತ್ತು. 1984ರ ಕಾಂಟೆಸ್ಸಾಗೆ 1970ರ ದಶಕದ ವಾಕ್ಸ್‌ಹಾಲ್ ಕಾರು ಆಧಾರವಾಯಿತು.

ಹಿಂಚಕ್ರ ಚಾಲನೆ

ಎರಡರಲ್ಲೂ ಎಂಜಿನ್ ಮುಂಭಾಗದಲ್ಲಿದ್ದು, ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಗೇರ್‌ಬಾಕ್ಸಿನಿಂದ ಹೊರಟ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ದಂಡವು ಕಾರಿನ ತಳದಲ್ಲಿ ಹಾದು ಡಿಫರೆನ್ಷಿಯಲ್ ಅನ್ನು ತಲುಪುತ್ತದೆ. ಡಿಫರೆನ್ಷಿಯಲ್ ಆ ತಿರುಗುವಿಕೆಯನ್ನು ಅಡ್ಡಕ್ಕೆ ಹೊರಳಿಸಿ ಎರಡೂ ಚಕ್ರಗಳಿಗೆ ಹಂಚುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ಸುತ್ತುವುದಕ್ಕೂ ಎಡೆಮಾಡಿಕೊಡುತ್ತದೆ. ಹಿಂದಿನ ಆಸನ ಮತ್ತು ಡಿಕ್ಕಿ ತುಂಬಿದಾಗ ಅಥವಾ ಕಾರು ಏರು ಹತ್ತುವಾಗ ಭಾರ ಹಿಂಚಕ್ರಗಳ ಮೇಲೆ ಬೀಳುವುದರಿಂದ ಹಿಡಿತ ಹೆಚ್ಚುತ್ತದೆ. ಭಾರತದ ಕುಟುಂಬಗಳೂ ಟ್ಯಾಕ್ಸಿಗಳೂ ಹೊರುತ್ತಿದ್ದ ಹೊರೆಗೆ ಇದು ತಕ್ಕ ವ್ಯವಸ್ಥೆ. ಆದರೆ ದಂಡಕ್ಕೆ ಜಾಗ ಬಿಡಲು ನೆಲದ ನಡುವೆ ಎದ್ದ ಉಬ್ಬು, ಮಧ್ಯದಲ್ಲಿ ಕುಳಿತವರ ಕಾಲಿಗೆ ಅಡ್ಡಿಯಾಗುತ್ತಿತ್ತು.

ಎಂಜಿನ್

ಎರಡು ಕಾಲಗಳ ನಿಜವಾದ ಅಂತರ ಕಾಣುವುದು ಇಲ್ಲಿ, ಅದೂ ತಡವಾಗಿ. ಕಾಂಟೆಸ್ಸಾ ಉದ್ದವಾಗಿ, ತಗ್ಗಾಗಿ, ಆಧುನಿಕವಾಗಿ ಕಂಡರೂ ಆರಂಭದಲ್ಲಿ ಅಂಬಾಸಿಡರ್‌ನ 1,489 ಸಿಸಿ ಎಂಜಿನ್ನನ್ನೇ ಹೊತ್ತಿತ್ತು. ಸುಮಾರು 50 ಅಶ್ವಶಕ್ತಿಯ ಆ ಎಂಜಿನ್ನಿಗೆ ಹೊಸ, ದೊಡ್ಡ ಒಡಲು ಭಾರವಾಯಿತು. ಮುಂದೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಮತ್ತು ಐದು ಗೇರುಗಳ ಪೆಟ್ಟಿಗೆ ಬಂದವು. ಹಳೆಯ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ಉದ್ದನೆಯ ಕಡ್ಡಿಗಳು ತಳ್ಳುತ್ತಿದ್ದವು; ಹೊಸದರಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಬ ದಂಡ ಎಂಜಿನ್ನಿನ ಮೇಲ್ಭಾಗದಲ್ಲೇ ಇದ್ದುದರಿಂದ ಎಂಜಿನ್ ಹೆಚ್ಚು ವೇಗವಾಗಿ, ನಯವಾಗಿ ತಿರುಗುತ್ತಿತ್ತು. ಕಾಂಟೆಸ್ಸಾ ತನ್ನ ರೂಪಕ್ಕೆ ತಕ್ಕ ಓಟವನ್ನು ಪಡೆದದ್ದು ಆಗಲೇ. 1990ರ ದಶಕದಲ್ಲಿ ಇಸುಜು ಎಂಜಿನ್ ಅಂಬಾಸಿಡರ್‌ಗೂ ದೊರೆಯಿತು.

ಒಳಾಂಗಣ

ಅಂಬಾಸಿಡರ್‌ನ ಗೇರ್ ಹಿಡಿ ದೀರ್ಘಕಾಲ ಸ್ಟೀರಿಂಗ್ ಪಕ್ಕದಲ್ಲಿತ್ತು. ಆದ್ದರಿಂದಲೇ ಮುಂದಿನ ಆಸನವನ್ನು ಒಂದೇ ಬೆಂಚಿನಂತೆ ಇರಿಸಿ ಮೂವರು ಕೂರಬಹುದಿತ್ತು. ಕಾಂಟೆಸ್ಸಾದಲ್ಲಿ ಗೇರ್ ಹಿಡಿ ನೆಲಕ್ಕೆ ಇಳಿಯಿತು, ಮುಂದಿನ ಆಸನಗಳು ಬೇರೆ ಬೇರೆಯಾದವು.

ಬಳಕೆ

ಅಂಬಾಸಿಡರ್ ಸರ್ಕಾರಿ ವಾಹನವಾಗಿ ಮತ್ತು ಕೋಲ್ಕತ್ತದ ಹಳದಿ ಟ್ಯಾಕ್ಸಿಯಾಗಿ ನೆಲೆಯೂರಿತು; ಅದನ್ನು ಬಲ್ಲ ಮೆಕ್ಯಾನಿಕ್ ಸಣ್ಣ ಊರಿನಲ್ಲೂ ಇದ್ದನು. ಕಾಂಟೆಸ್ಸಾವನ್ನು ಕೊಂಡವರು ಐಷಾರಾಮ ಬಯಸಿದವರು. ಉದಾರೀಕರಣದ ನಂತರ ಹೊಸ ಕಾರುಗಳು ಬಂದಾಗ ಆ ಗ್ರಾಹಕರು ಅತ್ತ ತಿರುಗಿದರು, ಟ್ಯಾಕ್ಸಿಯವರು ತಿರುಗಲಿಲ್ಲ. ಹೀಗಾಗಿ ಕಿರಿಯದಾದ ಕಾಂಟೆಸ್ಸಾ 2002ರಲ್ಲಿಯೇ ನಿಂತಿತು. ಹಿರಿಯದಾದ ಅಂಬಾಸಿಡರ್‌ನ ತಯಾರಿಕೆ 2014ರವರೆಗೆ ನಡೆಯಿತು.